ಹಳಿಯ ಪಕ್ಕದ ಊರು: ಡೊಂಬಿವಲಿಯಲ್ಲಿ ಬಾಳಿದ ಲೆಕ್ಕ

ಮುಂಬಯಿಯ ಕನ್ನಡಿಗರನ್ನು "ಮನೆ ಎಲ್ಲಿ?" ಎಂದು ಕೇಳಿದರೆ ಊರಿನ ಹೆಸರಿಗೆ ಈಸ್ಟ್ ಇಲ್ಲವೇ ವೆಸ್ಟ್ ಎಂಬ ಬಾಲ ಸೇರಿಸಿಯೇ ಉತ್ತರ ಹೇಳುತ್ತಾರೆ. ಇಲ್ಲಿ ಪೂರ್ವ, ಪಶ್ಚಿಮ ಎಂದರೆ ರೈಲು ಹಳಿಯ ಈ ಬದಿ, ಆ ಬದಿ ಎಂದಷ್ಟೇ ಅರ್ಥ. ಮುಂಬಯಿಯ ಉಪನಗರಗಳ ಚರಿತ್ರೆಯೆಲ್ಲ ಈ ಒಂದು ರೂಢಿಯಲ್ಲಿ ಅಡಗಿದೆ. ಹಳಿ ಮೊದಲು ಬಂತು, ಊರು ಆಮೇಲೆ ಬೆಳೆಯಿತು.

ನಾನು ಮದುವೆಯಾಗಿ ಡೊಂಬಿವಲಿ ಪೂರ್ವಕ್ಕೆ ಬಂದದ್ದು 1988ರಲ್ಲಿ. ನಮ್ಮ ನಾಲ್ಕು ಮಾಳಿಗೆಯ ಸೊಸೈಟಿ ಕಟ್ಟಡ ಈಗ ಹಳತಾಗಿದೆ. ಅದನ್ನು ಕೆಡವಿ ಹೊಸದು ಕಟ್ಟುವ ಮಾತುಕತೆ ಬಿಲ್ಡರ್ ಜೊತೆ ಮುಗಿಯುತ್ತ ಬಂದಿದೆ. ಮೂರು ವರ್ಷ ಬೇರೆಡೆ ಬಾಡಿಗೆಗಿದ್ದು ಹೊಸ ಮನೆಗೆ ಮರಳಬೇಕೆ, ಇದ್ದುದನ್ನು ಮಾರಿ ಕುಂದಾಪುರದ ಕಡೆ ಹೋಗಿ ನೆಲೆಸಬೇಕೆ ಎಂಬುದು ನಮ್ಮ ಮನೆಯ ಇಂದಿನ ಪ್ರಶ್ನೆ. ಇನ್ನೊಂದು ಪ್ರಶ್ನೆ ಮಗಳದು. ಅಂಧೇರಿಯಲ್ಲಿ ಕೆಲಸ ಮಾಡುವ ಅವಳು, "ಅಮ್ಮ, ನಾವೂ ಡೊಂಬಿವಲಿಯಲ್ಲೇ ಮನೆ ತೆಗೆದುಕೊಳ್ಳುವುದಾ?" ಎಂದು ಕೇಳುತ್ತಿದ್ದಾಳೆ. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿದೆ. ಆದ್ದರಿಂದ ಈ ಊರು ಹೇಗೆ ಬೆಳೆಯಿತು, ನಮಗೆ ಏನು ಕೊಟ್ಟಿತು, ನಮ್ಮಿಂದ ಏನು ತೆಗೆದುಕೊಂಡಿತು ಎಂಬುದನ್ನು ಬರೆದಿಡಬೇಕೆನಿಸಿತು.

ಕಲ್ಯಾಣದ ನೆರೆಯ ಹಳ್ಳಿ

ಸಂಬಂಧ ಗೊತ್ತಾದಾಗ ನನ್ನ ಅಜ್ಜಿಗೆ "ಹುಡುಗನ ಮನೆ ಕಲ್ಯಾಣದ ಹತ್ತಿರ" ಎಂದು ಹೇಳಿದ್ದರು. ಅವರು ಅದನ್ನು ಬಸವಣ್ಣನವರ ಕಲ್ಯಾಣವೆಂದೇ ತಿಳಿದು ಕೈಮುಗಿದರಂತೆ. ಬೀದರ್ ಜಿಲ್ಲೆಯ ಬಸವಕಲ್ಯಾಣ ಬೇರೆ, ಉಲ್ಲಾಸ ನದಿಯ ದಡದ ಈ ಕಲ್ಯಾಣ ಬೇರೆ. ಆದರೆ ಇದೂ ಬಹಳ ಹಳೆಯ ಊರೇ. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ಬರಹವಾದ 'ಪೆರಿಪ್ಲಸ್'ನಲ್ಲಿ ಇದು ಬಂದರಾಗಿ ಕಾಣಿಸಿಕೊಳ್ಳುತ್ತದೆ. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಕಲ್ಯಾಣದವರು ಕೊಟ್ಟ ದಾನಗಳ ಉಲ್ಲೇಖವಿದೆ. ಕಲ್ಯಾಣದಿಂದ ಸ್ವಲ್ಪ ಮುಂದೆ ಅಂಬರನಾಥದಲ್ಲಿ 1060ರ ಶಿವಾಲಯವಿದೆ. ಅದು ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರ ಕಾಲದ್ದು. ಆ ಮನೆತನದವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ಆಳ್ವಿಕೆ ಆರಂಭಿಸಿದವರು. ಕನ್ನಡ ನಾಡಿಗೂ ಈ ನೆಲಕ್ಕೂ ನಂಟು ನಮ್ಮಿಂದ ಶುರುವಾದದ್ದಲ್ಲ ಎಂದು ಹೊಸಬರಿಗೆ ನಾನು ಹೇಳುವುದುಂಟು.

ಮಹಿಳೆಯರು ನೆನೆಯಬೇಕಾದ ಇನ್ನೊಂದು ಹೆಸರು ಆನಂದಿಬಾಯಿ ಜೋಶಿ ಅವರದು. ಅವರು 1865ರಲ್ಲಿ ಹುಟ್ಟಿದ್ದು ಕಲ್ಯಾಣದಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ಡಾಕ್ಟರ್ ಆಗಿ ಹೊರಬಂದರು. ಮರುವರ್ಷವೇ, ಇಪ್ಪತ್ತೆರಡು ತುಂಬುವ ಮೊದಲು ತೀರಿಕೊಂಡರು.

ಆ ಕಾಲದಲ್ಲಿ ಡೊಂಬಿವಲಿ ಎಂದರೆ ಆಗ್ರಿ ಸಮುದಾಯದ ರೈತರ ಭತ್ತದ ಗದ್ದೆಗಳು, ಖಾಡಿಯ ಬದಿಯ ಮೀನುಗಾರಿಕೆ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಓಡಿತು. ಮರುವರ್ಷ, 1854ರ ಮೇ ತಿಂಗಳಲ್ಲಿ ಹಳಿ ಖಾಡಿ ದಾಟಿ ಕಲ್ಯಾಣ ಮುಟ್ಟಿತು. ಡೊಂಬಿವಲಿ ಆ ದಾರಿಯಲ್ಲಿ ಸಿಕ್ಕಿತು. 1916ರಲ್ಲಿ ಪಾರಸಿಕ್ ಗುಡ್ಡವನ್ನು ಕೊರೆದು ಒಂದೂಕಾಲು ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿದರು. 2022ರವರೆಗೂ ಫಾಸ್ಟ್ ಲೋಕಲಿನಲ್ಲಿ ಕೂತವರ ಮೊಬೈಲ್ ಮಾತು ತುಂಡಾಗುತ್ತಿದ್ದದ್ದು ಅಲ್ಲೇ. 1925ರ ಫೆಬ್ರುವರಿ 3ರಂದು ಮುಂಬಯಿಯಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿತು. ಈ ಗಾಡಿಗಳಿಗೆ ಕರೆಂಟು ಒದಗಿಸಲು ರೈಲ್ವೆಯವರು ಪವರ್ ಹೌಸ್ ಕಟ್ಟಿದ್ದು ನಮ್ಮ ಪಕ್ಕದ ಠಾಕುರ್ಲಿಯಲ್ಲಿ. ಡೊಂಬಿವಲಿಯ ಪ್ರಸಿದ್ಧ ಗಣೇಶ ಮಂದಿರ ಸ್ಥಾಪನೆಯಾದದ್ದು 1924ರಲ್ಲಿ. ಅಂದರೆ ಆ ಹೊತ್ತಿಗಾಗಲೇ ಗದ್ದೆಗಳ ನಡುವೆ ಮನೆ ಕಟ್ಟಿಕೊಂಡು ದಿನವೂ ಮುಂಬಯಿಗೆ ನೌಕರಿಗೆ ಹೋಗಿಬರುವ ಮಧ್ಯಮವರ್ಗದ ಮರಾಠಿ ಕುಟುಂಬಗಳು ಇಲ್ಲಿ ಬೇರೂರಿದ್ದವು.

ಮನೆ ಸಿಗದ ಮಹಾನಗರ

ಇಷ್ಟು ದೂರ ಜನ ಏಕೆ ಬಂದರು? ಊರು ಚೆಂದವಿತ್ತೆಂದು ಬಂದವರು ಕಡಿಮೆ. ಮುಂಬಯಿಯಲ್ಲಿ ಮನೆ ಸಿಗಲಿಲ್ಲವೆಂದು ಬಂದವರೇ ಹೆಚ್ಚು.

1947ರ ಬಾಡಿಗೆ ನಿಯಂತ್ರಣ ಕಾಯಿದೆ ಮುಂಬಯಿಯ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರಿಗೆ ಅದರಿಂದ ದೊಡ್ಡ ರಕ್ಷಣೆ ಸಿಕ್ಕಿತು. ಆದರೆ ಬಾಡಿಗೆಗೆಂದು ಹೊಸ ಮನೆ ಕಟ್ಟುವವರು ಇಲ್ಲವಾದರು. ಖಾಲಿಯಾದ ಚಾಳಿನ ಕೋಣೆಗೆ 'ಪಗಡಿ' ಎಂದು ದೊಡ್ಡ ಮೊತ್ತ ಕೈಬದಲಾಗತೊಡಗಿತು. ಹೊಸದಾಗಿ ನೌಕರಿಗೆ ಸೇರಿದವನ ಬಳಿ ಅಷ್ಟು ಹಣ ಎಲ್ಲಿಂದ ಬರಬೇಕು? ಮುಂದೆ ಸಹಕಾರಿ ಸೊಸೈಟಿಗಳು ಬೆಳೆದವು. 1963ರಲ್ಲಿ ಮಹಾರಾಷ್ಟ್ರದ ಓನರ್‌ಶಿಪ್ ಫ್ಲಾಟ್ ಕಾಯಿದೆ ಬಂತು. ಸಂಬಳದವರೂ ಸಾಲ ಮಾಡಿ ಸ್ವಂತ ಮನೆ ಕೊಳ್ಳಬಹುದಾಯಿತು, ಆದರೆ ಕೈಗೆಟಕುವ ಜಾಗ ಇದ್ದದ್ದು ಥಾಣೆಯ ಆಚೆ. ಗಿರ್ಗಾಂವ್, ದಾದರ್, ಪರೇಲ್‌ಗಳ ಚಾಳುಗಳಲ್ಲಿ ಒಂದೇ ಕೋಣೆಯಲ್ಲಿ ಎಂಟು ಜನ ಮಲಗುತ್ತಿದ್ದ ಕುಟುಂಬಗಳು ಹೀಗೆ ಡೊಂಬಿವಲಿಗೆ ಇಳಿದವು. 1960ರ ದಶಕದಲ್ಲಿ ಇಲ್ಲಿ ಎಂಐಡಿಸಿ ಕಾರ್ಖಾನೆ ಪ್ರದೇಶವೂ ಎದ್ದಿತು. 1982ರ ಜನವರಿಯಲ್ಲಿ ಶುರುವಾದ ಬಟ್ಟೆ ಗಿರಣಿಗಳ ದೊಡ್ಡ ಮುಷ್ಕರದ ನಂತರ ಗಿರಣಿ ಕೆಲಸ ಕಳೆದುಕೊಂಡ ಎಷ್ಟೋ ಮನೆಗಳವರು ನಗರದ ಕೋಣೆ ಬಿಟ್ಟು ದೂರದ ಉಪನಗರಗಳಿಗೆ ಸರಿದರು. 1983ರಲ್ಲಿ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ರಚನೆಯಾಯಿತು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಹನ್ನೆರಡು ಲಕ್ಷ ದಾಟಿತ್ತು.

ನೆರೆಯಲ್ಲಿ ಇನ್ನೊಂದು ಬಗೆಯ ವಲಸೆಯೂ ನಡೆದಿತ್ತು. ದೇಶ ವಿಭಜನೆಯಾದಾಗ ಸಿಂಧ್ ಬಿಟ್ಟು ಬಂದವರನ್ನು ಕಲ್ಯಾಣದ ಬಳಿಯ ಹಳೆಯ ಮಿಲಿಟರಿ ಕ್ಯಾಂಪಿನಲ್ಲಿ ಇಳಿಸಿದರು. 1949ರಲ್ಲಿ ಅದಕ್ಕೆ ಉಲ್ಲಾಸ್‌ನಗರ ಎಂಬ ಹೆಸರಾಯಿತು. ನಮ್ಮ ಮನೆಯ ಮದುವೆಯ ಸೀರೆಗಳೆಲ್ಲ ಬಂದದ್ದು ಅಲ್ಲಿನ ಸಿಂಧಿ ಅಂಗಡಿಗಳಿಂದ.

ನಮ್ಮವರ ಕಥೆಗೂ ಈ ಮನೆಯ ಬರವೇ ಮೂಲ. ಮುಂಬಯಿಗೆ ಮೊದಲು ಬಂದ ಕರಾವಳಿಯವರು ಹಡಗಿನಲ್ಲಿ ಬಂದು ಕೋಟೆ ಪ್ರದೇಶದಲ್ಲಿ ನೆಲೆ ಕಂಡವರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲೇ ಹುಟ್ಟಿತು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರ ಪರಂಪರೆ ಮುಂಬಯಿ ಕನ್ನಡಿಗರ ಹೆಮ್ಮೆ. ಆ ಹುಡುಗರಿಗೆ ಮನೆಯ ಚಿಂತೆ ಅಷ್ಟಿರಲಿಲ್ಲ. ಹೋಟೆಲಿನ ಅಟ್ಟದಲ್ಲೇ ಮಲಗುತ್ತಿದ್ದರು, ಸಂಸಾರ ಊರಲ್ಲಿರುತ್ತಿತ್ತು. ಹೆಂಡತಿ ಮಕ್ಕಳನ್ನು ಕರೆತರುವ ಕಾಲ ಬಂದಾಗ ಮನೆಯ ಪ್ರಶ್ನೆ ಎದ್ದಿತು. ಅದರ ಹಿಂದೆಯೇ ಬ್ಯಾಂಕಿನವರು ಬಂದರು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂಬ ನಾಲ್ಕು ಬ್ಯಾಂಕುಗಳೂ ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. ಅವುಗಳ ಮುಂಬಯಿ ಶಾಖೆಗಳಿಗೆ ವರ್ಗವಾಗಿ ಬಂದ ಎಷ್ಟೋ ಕುಟುಂಬಗಳಲ್ಲಿ ನಮ್ಮದೂ ಒಂದು. ಉತ್ತರ ಕರ್ನಾಟಕದವರಿಗೆ ಸೊಲ್ಲಾಪುರದ ಕಡೆಯಿಂದ ಬರುವ ರೈಲು ಕಲ್ಯಾಣದಲ್ಲೇ ನಿಲ್ಲುವುದರಿಂದ ಈ ಕಡೆ ಮನೆ ಮಾಡುವುದು ಅನುಕೂಲವಾಗಿತ್ತು. ಹೀಗೆ ಕುಂದಗನ್ನಡ, ತುಳು, ಕೊಂಕಣಿ, ಧಾರವಾಡದ ಮಾತು, ಕಲಬುರಗಿಯ ಮಾತು ಒಂದೇ ಸಂಘದ ಸಭೆಯಲ್ಲಿ ಕೇಳುವಂತಾಯಿತು. ಊರಲ್ಲೇ ಇದ್ದಿದ್ದರೆ ನನಗೆ ಜೋಳದ ರೊಟ್ಟಿ ತಟ್ಟಲು ಯಾರು ಕಲಿಸುತ್ತಿದ್ದರು? ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿತು. ಅಲ್ಲಿ ಕನ್ನಡೇತರ ಮಕ್ಕಳೂ ಓದುತ್ತಾರೆ.

ಹೆಂಗಸರ ಡಬ್ಬದಲ್ಲಿ

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ 48 ಕಿಲೋಮೀಟರ್. ಫಾಸ್ಟ್ ಗಾಡಿಯಲ್ಲಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು. ಮನೆಯಿಂದ ಸ್ಟೇಷನ್, ಸ್ಟೇಷನ್‌ನಿಂದ ಆಫೀಸು ಸೇರಿಸಿದರೆ ಹೋಗಿಬರಲು ದಿನಕ್ಕೆ ಮೂರು ಗಂಟೆ ಎಂದರೆ ಕಡಿಮೆಯೇ ಹೇಳಿದಂತೆ. ಕೋಟೆ ಪ್ರದೇಶದ ಆಫೀಸೊಂದರಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದೆ. ವರ್ಷಕ್ಕೆ 280 ದಿನ ಹಿಡಿದರೆ 840 ಗಂಟೆ, ಮೂವತ್ತು ವರ್ಷಕ್ಕೆ 25,200 ಗಂಟೆ. ದಿನಗಳಾಗಿ ಮಾಡಿದರೆ 1,050 ದಿನ. ಹಗಲೂ ರಾತ್ರಿಯೂ ಸೇರಿ ಹತ್ತಿರ ಹತ್ತಿರ ಮೂರು ವರ್ಷ ಗಾಡಿಯಲ್ಲೇ ಬಾಳಿದಂತಾಯಿತು. ಮನೆಯ ಬೆಲೆ ಇಲ್ಲಿ ಅಗ್ಗವಾಗಿದ್ದದ್ದು ಏಕೆಂದರೆ ಉಳಿದ ಕಂತನ್ನು ನಾವು ಹೀಗೆ ಗಂಟೆಗಳಲ್ಲಿ ಕಟ್ಟುತ್ತಿದ್ದೆವು.

ಗಂಡಸರೂ ಇದೇ ದಾರಿ ಸವೆಸಿದರು, ನಿಜ. ಆದರೆ ಅವರು ಮನೆಗೆ ಬಂದು ಚಪ್ಪಲಿ ಬಿಟ್ಟರೆ ದಿನ ಮುಗಿಯುತ್ತಿತ್ತು. ಹೆಂಗಸಿಗೆ ಬೆಳಿಗ್ಗೆ ನಾಲ್ಕೂವರೆಗೆ ಶುರುವಾದ ದಿನ ರಾತ್ರಿ ಪಾತ್ರೆ ಕವುಚಿದ ಮೇಲೆ ಮುಗಿಯುತ್ತಿತ್ತು. ಆದ್ದರಿಂದ ಹೆಂಗಸರು ಡಬ್ಬವನ್ನೇ ಮನೆಯ ಒಂದು ಕೋಣೆ ಮಾಡಿಕೊಂಡರು. ಬಟಾಣಿ ಸುಲಿದದ್ದು, ಮೆಂತೆ ಸೊಪ್ಪು ಬಿಡಿಸಿದ್ದು, ಸ್ವೆಟರ್ ಹೆಣೆದದ್ದು, ಮಗಳ ಸಂಬಂಧದ ಮಾತು ತೆಗೆದದ್ದು ಎಲ್ಲ ಅಲ್ಲೇ. ನವರಾತ್ರಿಯಲ್ಲಿ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣದ ಸೀರೆ, ಸಂಕ್ರಾಂತಿಗೆ ಹಳದಿ-ಕುಂಕುಮ, ಎಳ್ಳುಂಡೆ. ಸೀಟಿಗೂ ಒಂದು ಶಾಸ್ತ್ರವಿತ್ತು. ಕೂತವರನ್ನು "ಕುಠೇ ಉತರಣಾರ್?", ಎಲ್ಲಿ ಇಳಿಯುತ್ತೀರಿ ಎಂದು ಕೇಳಿ ಅವರ ಜಾಗವನ್ನು ಮೊದಲೇ ಹೇಳಿಟ್ಟುಕೊಳ್ಳಬೇಕು. ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಅರ್ಧ ಜಾಗ ಕೊಡಲೇಬೇಕು. ಈ ಕಾನೂನು ಎಲ್ಲಿಯೂ ಬರೆದಿಲ್ಲ. ಮುರಿದವರು ಮಾತ್ರ ಇಳಿಯುವವರೆಗೂ ಬೈಸಿಕೊಳ್ಳುತ್ತಿದ್ದರು.

1992ರ ಮೇ 5ರಂದು ಪಶ್ಚಿಮ ರೈಲ್ವೆ ಚರ್ಚ್‌ಗೇಟ್-ಬೊರಿವಲಿ ನಡುವೆ ಇಡೀ ಗಾಡಿಯನ್ನೇ ಮಹಿಳೆಯರಿಗೆ ಮೀಸಲಿಟ್ಟು ಓಡಿಸಿತು. ಅದೇ ವರ್ಷ ಜುಲೈ 1ರಂದು ಮಧ್ಯ ರೈಲ್ವೆಯ ಲೇಡೀಸ್ ಸ್ಪೆಷಲ್ ಕಲ್ಯಾಣ್ ಮತ್ತು ಮುಂಬಯಿ ವಿ.ಟಿ. ನಡುವೆ ಶುರುವಾಯಿತು. ಇದನ್ನು ಯಾರೋ ದಯೆಯಿಂದ ಕೊಟ್ಟ ಸೌಲಭ್ಯವೆಂದು ನಾನು ತಿಳಿಯುವುದಿಲ್ಲ. ದೂರದ ಉಪನಗರಗಳಿಂದ ಅಷ್ಟು ಹೆಂಗಸರು ಆ ಹೊತ್ತಿಗೆ ನೌಕರಿಗೆ ಹೊರಟಿದ್ದರು ಎಂಬುದಕ್ಕೆ ಅದು ಪುರಾವೆ.

ಹೋಗುವವರ ಹಿಂದೆ ಉಳಿದವರ ದುಡಿಮೆಯೂ ಇತ್ತು. ಡೊಂಬಿವಲಿಯ ಗಲ್ಲಿಗಲ್ಲಿಗಳಲ್ಲಿ ಪೋಳಿ-ಭಾಜಿ ಕೇಂದ್ರಗಳು ಹುಟ್ಟಿದವು. ಸಂಜೆ ಗಾಡಿ ಇಳಿದವರು ಹತ್ತು ಚಪಾತಿ, ಕಾಲು ಕಿಲೋ ಪಲ್ಯ ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ಸ್ಟೇಷನ್ ಹೊರಗೆ ಹೆಚ್ಚಿದ ತರಕಾರಿ, ತುರಿದ ತೆಂಗಿನಕಾಯಿ ಸಿಗುತ್ತದೆ. ಮಕ್ಕಳಿಗೆ ಪಾಳಣಾಘರ್. ಇವನ್ನೆಲ್ಲ ನಡೆಸಿದವರು ಹೆಚ್ಚಾಗಿ ಹೆಂಗಸರೇ. ಒಬ್ಬಳು ಗಾಡಿಯಲ್ಲಿ ಕಳೆದ ಗಂಟೆಯನ್ನು ಇನ್ನೊಬ್ಬಳು ತನ್ನ ಅಡುಗೆಮನೆಯಿಂದ ಮಾರಿ ಸಂಸಾರ ನಡೆಸಿದಳು. ಡೊಂಬಿವಲಿಯ ಚರಿತ್ರೆ ಬರೆಯುವವರು ಸುರಂಗದ ಉದ್ದದ ಜೊತೆಗೆ ಈ ಚಪಾತಿಗಳನ್ನೂ ಎಣಿಸಬೇಕು.

ನೆರೆಹೊರೆಯ ಗಳಿಕೆ

ನಮ್ಮ ಮಾಳಿಗೆಯಲ್ಲಿ ನಾಲ್ಕು ಮನೆ. ರತ್ನಾಗಿರಿಯ ಮರಾಠಿಯವರು, ಪಾಲಕ್ಕಾಡಿನ ತಮಿಳರು, ಕಛ್‌ನ ಗುಜರಾತಿಗಳು ಮತ್ತು ನಾವು. ನನ್ನ ಮಗಳು ಆಫೀಸು ಮುಗಿಸಿ ನಾನು ಬರುವವರೆಗೆ ಬೆಳೆದದ್ದು ಎದುರು ಮನೆಯ ಕಾಕುವಿನ ಹತ್ತಿರ. ಹಾಗಾಗಿ ಅವಳು ಶುಭಂ ಕರೋತಿ ಮೊದಲು ಕಲಿತಳು, ಕನ್ನಡ ವರ್ಣಮಾಲೆ ಆಮೇಲೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ನಾನಿದ್ದ ಗಾಡಿ ಕುರ್ಲಾದ ಹತ್ತಿರ ನೀರಲ್ಲಿ ನಿಂತಿತು. ಹಳಿ ಬದಿಯ ಜೋಪಡಿಯವರು ತಮ್ಮ ಮನೆಗೇ ನೀರು ನುಗ್ಗಿದ್ದರೂ ನಮಗೆ ಚಹಾ, ಬಿಸ್ಕತ್ತು ತಂದುಕೊಟ್ಟರು. ನಾನು ಮನೆ ಮುಟ್ಟಿದ್ದು ಮರುದಿನ ಸಂಜೆ. ಮಗಳು ಎದುರು ಮನೆಯಲ್ಲಿ ವರಣ್-ಭಾತ್ ಉಂಡು ನಿಶ್ಚಿಂತೆಯಿಂದ ಮಲಗಿದ್ದಳು. ಸ್ವಂತ ಜನರೇ ಸುತ್ತಲಿದ್ದರೂ ಇದಕ್ಕಿಂತ ಹೆಚ್ಚಿನದು ಏನು ಸಿಗುತ್ತಿತ್ತು?

ಡೊಂಬಿವಲಿ ಸಂಸ್ಕೃತಿಯ ಊರೆಂದು ಮರಾಠಿಗರು ಹೆಮ್ಮೆಪಡುವುದರಲ್ಲಿ ಅರ್ಥವಿದೆ. ಪು. ಭಾ. ಭಾವೆ, ಶಂ. ನಾ. ನವರೆ ಅಂತಹ ಲೇಖಕರು ಇಲ್ಲಿ ಬಾಳಿದರು. 1999ರಲ್ಲಿ ಗಣೇಶ ಮಂದಿರದಿಂದ ಶುರುವಾದ ಯುಗಾದಿಯ ಸ್ವಾಗತ ಯಾತ್ರೆ ಇಂದು ಮಹಾರಾಷ್ಟ್ರದ ಎಷ್ಟೋ ಊರುಗಳಿಗೆ ಹಬ್ಬಿದೆ. 2017ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆಯಿತು. ಗುಢಿಪಾಡ್ವ ನಮಗೂ ಯುಗಾದಿಯೇ. ಅವರು ಗುಢಿ ಏರಿಸುವ ಹೊತ್ತಿಗೆ ನಾವು ಬೇವು-ಬೆಲ್ಲ ಹಂಚುತ್ತೇವೆ.

ಆದರೆ ಎಲ್ಲವೂ ಸಿಹಿಯೆಂದು ಬರೆದರೆ ಸುಳ್ಳಾಗುತ್ತದೆ. ಸ್ವಂತ ಮನೆ ಕೊಳ್ಳುವ ಮೊದಲು ಬಾಡಿಗೆ ಮನೆ ಹುಡುಕುವಾಗ "ಮೀನು ತಿನ್ನುವವರಿಗೆ ಕೊಡುವುದಿಲ್ಲ" ಎಂದು ಎರಡು ಕಡೆ ಮುಖಕ್ಕೇ ಹೇಳಿದ್ದರು. ಇಂದಿಗೂ ಬಾಡಿಗೆದಾರರ ಜಾತಿ, ಧರ್ಮ, ಊಟ ವಿಚಾರಿಸಿಯೇ ಬಾಗಿಲು ತೆಗೆಯುವ ಸೊಸೈಟಿಗಳಿವೆ. ಅಂಥ ಪ್ರಶ್ನೆ ಕೇಳುವವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. 1960ರ ದಶಕದಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗು, 1969ರ ಫೆಬ್ರುವರಿಯಲ್ಲಿ ಗಡಿ ವಿವಾದದ ಹೆಸರಲ್ಲಿ ಮುಂಬಯಿಯಲ್ಲಿ ನಡೆದ ಗಲಭೆ, ಹೋಟೆಲುಗಳ ಮೇಲೆ ಬಿದ್ದ ಕಲ್ಲು ಹಿರಿಯರ ನೆನಪಿನಿಂದ ಮಾಸಿಲ್ಲ. ಬೆಳಗಾವಿಯ ಸುದ್ದಿ ಬಿಸಿಯಾದ ದಿನ ಗಾಡಿಯಲ್ಲಿ ಫೋನೆತ್ತಿ ಕನ್ನಡದಲ್ಲಿ ಮಾತಾಡುವಾಗ ನನ್ನ ದನಿ ತಾನಾಗಿ ತಗ್ಗುತ್ತಿತ್ತು. ಮರಾಠಿ ಕಲಿತದ್ದು ಇದಕ್ಕೆ ದೊಡ್ಡ ಮದ್ದು. ಬದುಕುವ ಊರಿನ ಭಾಷೆ ಕಲಿಯುವುದು ಸೋಲಲ್ಲ, ಅದು ಮರ್ಯಾದೆ. ಮನೆಯೊಳಗೆ ಕನ್ನಡ ಉಳಿಸಿಕೊಳ್ಳುವುದು ಮಾತ್ರ ನಮ್ಮದೇ ಹೊಣೆ. ಅದನ್ನು ಸೊಸೈಟಿಯೂ ಮಾಡದು, ಸರಕಾರವೂ ಮಾಡದು.

ಖರ್ಚಿನ ಬದಿ

ಊರು ಬೆಳೆದಷ್ಟು ವೇಗವಾಗಿ ಅದರ ವ್ಯವಸ್ಥೆ ಬೆಳೆಯಲಿಲ್ಲ. ಮಳೆಗಾಲದಲ್ಲಿ ರಸ್ತೆಯ ಹೊಂಡಗಳು, ಬೇಸಿಗೆಯಲ್ಲಿ ನೀರಿನ ಟ್ಯಾಂಕರು. ಕಾರ್ಖಾನೆಗಳು ಬಂದಾಗ ಸುತ್ತ ಬಯಲಿತ್ತು. ಆಮೇಲೆ ವಸತಿ ಅದರ ಕಾಂಪೌಂಡಿನವರೆಗೂ ಬಂತು. 2016ರ ಮೇ 26 ಮತ್ತು 2024ರ ಮೇ 23ರಂದು ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ನಡೆದ ಸ್ಫೋಟಗಳು ಜೀವಗಳನ್ನೇ ತೆಗೆದವು, ದೂರದ ಮನೆಗಳ ಕಿಟಕಿ ಗಾಜುಗಳನ್ನೂ ಒಡೆದವು. ಮನೆ ನೋಡಲು ಬರುವವರು ಸ್ಟೇಷನ್ ಎಷ್ಟು ನಿಮಿಷ ಎಂದು ಕೇಳುತ್ತಾರೆ. ಕಾರ್ಖಾನೆ ಎಷ್ಟು ದೂರ ಎಂದೂ ಕೇಳಬೇಕು.

ರೈಲಿನ ಇಕ್ಕಟ್ಟೂ ಹಾಗೆಯೇ. ಒಂಬತ್ತು ಡಬ್ಬದ ಗಾಡಿಗಳು ಹನ್ನೆರಡಾದವು, 2022ರ ಫೆಬ್ರುವರಿಯಲ್ಲಿ ಥಾಣೆ-ದಿವಾ ನಡುವೆ ಐದನೇ, ಆರನೇ ಹಳಿಗಳು ತೆರೆದವು. ಆದರೂ 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ ಬಾಗಿಲಲ್ಲಿ ಜೋತಿದ್ದವರು ಗಾಡಿಯಿಂದ ಬಿದ್ದು ಪ್ರಾಣ ಕಳೆದುಕೊಂಡರು. ಅಂದು ನಮ್ಮ ಸೊಸೈಟಿಯ ಪ್ರತಿ ಮನೆಯಲ್ಲೂ ಫೋನು ಹೊಡೆದುಕೊಂಡಿತು. ನಮ್ಮ ಮನೆಯವರು ಕ್ಷೇಮವೆಂದು ತಿಳಿದ ಮೇಲೂ ಬಿದ್ದವರು ಯಾರ ಮಕ್ಕಳೋ ಎಂಬ ಸಂಕಟ ಹೋಗಲಿಲ್ಲ.

ಹಾಗಾದರೆ ಏನು ಮಾಡಬೇಕು?

ನನ್ನ ಮಟ್ಟಿಗೆ ಉತ್ತರ ಸಿಕ್ಕಿದೆ. ಇನ್ನು ನಾನು ದಿನವೂ ಗಾಡಿ ಹತ್ತಬೇಕಿಲ್ಲ. ಊರು ಕೇಳಿದ ಬೆಲೆಯನ್ನೆಲ್ಲ ಕಟ್ಟಿ ಮುಗಿಸಿದ್ದೇನೆ. ಈಗ ಉಳಿದಿರುವುದು ಗಳಿಕೆ ಮಾತ್ರ: ಬಾಗಿಲು ತಟ್ಟಿದರೆ ತೆರೆಯುವ ನಾಲ್ಕು ಮನೆ, ನಡೆದು ಹೋಗುವಷ್ಟು ದೂರದಲ್ಲಿ ಡಾಕ್ಟರು, ಸಂಘ, ಭಜನೆ, ನಾಟಕಮಂದಿರ. ಕುಂದಾಪುರದಲ್ಲಿ ಹಿತ್ತಲಿದೆ, ಸಮುದ್ರವಿದೆ. ಆದರೆ ನನ್ನ ಓರಗೆಯವರೂ ಅವರ ಮಕ್ಕಳೂ ಈಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆ ಥಾಣೆಯಲ್ಲಿ ಹತ್ತಿದರೆ ಮರುದಿನ ಊರು. ಬೇಕೆಂದಾಗ ಹೋಗಿಬರಬಹುದು. ಆದ್ದರಿಂದ ನಾವಿಬ್ಬರೂ ಹೊಸ ಕಟ್ಟಡಕ್ಕೇ ಸಹಿ ಹಾಕುವುದೆಂದು ತೀರ್ಮಾನಿಸಿದ್ದೇವೆ.

ಮಗಳಿಗೆ ಮಾತ್ರ ಅದೇ ಉತ್ತರ ಕೊಡಲಾರೆ. 2014ರಲ್ಲಿ ಘಾಟ್ಕೋಪರ್-ಅಂಧೇರಿ ಮೆಟ್ರೋ ಬಂದ ಮೇಲೆ ದಾರಿ ಸುಲಭವಾಗಿದೆ ಎಂದು ಅವಳು ಹೇಳುತ್ತಾಳೆ. ನಾನು ಅವಳಿಗೆ ಹೇಳಿದ್ದಿಷ್ಟು: ಫ್ಲಾಟಿನ ಬೆಲೆಯ ಪಕ್ಕದಲ್ಲಿ ಗಂಟೆಗಳ ಲೆಕ್ಕವನ್ನೂ ಬರೆ. ಆ ಗಂಟೆಗಳಲ್ಲಿ ಗಂಡ ಎಷ್ಟು ಕೊಡುತ್ತಾನೆ, ಹೆಂಡತಿ ಎಷ್ಟು ಕೊಡುತ್ತಾಳೆ ಎಂದು ಬೇರೆ ಬೇರೆ ಬರೆ. ಬೆಳಿಗ್ಗೆ ಎಂಟರ ಗಾಡಿಯಲ್ಲಿ ಒಂದು ವಾರ ನೀನೂ ಅಳಿಯಂದಿರೂ ಹೋಗಿ ಬನ್ನಿ. ವಾರಕ್ಕೆ ಎರಡು ದಿನವಾದರೂ ಮನೆಯಿಂದಲೇ ಕೆಲಸ ಮಾಡಲು ಆಫೀಸು ಒಪ್ಪುವುದಾದರೆ, ಸಂಜೆಯ ಅಡುಗೆ ಅರ್ಧ ಅವರದಾಗುವುದಾದರೆ, ಡೊಂಬಿವಲಿಗಿಂತ ಒಳ್ಳೆಯ ನೆರೆ ನಿನಗೆ ಬೇರೆಲ್ಲೂ ಸಿಗದು. ಎರಡೂ ಇಲ್ಲವೆಂದರೆ ಅಂಧೇರಿಯ ಹತ್ತಿರ ಒಂದು ಕೋಣೆ ಕಡಿಮೆಯಿರುವ ಬಾಡಿಗೆ ಮನೆಯೇ ಲೇಸು.

ನಮ್ಮ ಮಹಿಳಾ ವಿಭಾಗಕ್ಕೂ ಒಂದು ಮಾತು. ನಿವೃತ್ತರಾದ ನಮ್ಮ ಬಳಿ ಈಗ ಗಂಟೆಗಳಿವೆ, ದುಡಿಯುವ ಸೊಸೆಯಂದಿರ ಬಳಿ ಇಲ್ಲ. ಸಂಘದ ಸಭಾಗೃಹ ವಾರದ ದಿನಗಳಲ್ಲಿ ಖಾಲಿಯೇ ಇರುತ್ತದೆ. ಸಂಜೆ ಐದರಿಂದ ಎಂಟರವರೆಗೆ ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಮ್‌ವರ್ಕ್ ಮಾಡಿಸಿ, ಕನ್ನಡದಲ್ಲಿ ನಾಲ್ಕು ಕಥೆ ಹೇಳಲು ನಾವು ಆರು ಜನ ಸಿದ್ಧರಿದ್ದೇವೆ. ಎದುರು ಮನೆಯ ಕಾಕು ನನಗೆ ಮಾಡಿದ್ದನ್ನು ಇನ್ನೊಬ್ಬಳ ಮಗುವಿಗೆ ಮಾಡಿದರೆ ಆ ಋಣ ಸ್ವಲ್ಪ ತೀರುತ್ತದೆ. ಬರುವ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ನೀವೂ ಬನ್ನಿ.